ನಡುರಾತ್ರಿ ಭಾಗವತರನ್ನು ಇಳಿಸಿದರೆ

(ಮುಂಬಯಿಯ ಮಾಟುಂಗದಲ್ಲಿ ಕನ್ನಡಿಗರ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತು. ವಿಷಯ: ಸೀಸನ್ ನಡುವೆ ಕೋಚ್‌ಗಳನ್ನು ತೆಗೆಯುವ ಫುಟ್‌ಬಾಲ್ ಕ್ಲಬ್‌ಗಳಿಗೆ ದಂಡ ಹಾಕಬೇಕೆ? ಧ್ವನಿಮುದ್ರಣದಿಂದ ಬರಹಕ್ಕೆ ಇಳಿಸಿದ್ದು.)

ಇಲ್ಲಿ ಕೂತವರಲ್ಲಿ ಯಕ್ಷಗಾನ ನೋಡದವರು ಕಡಿಮೆ. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ. ರಾತ್ರಿ ಒಂದು ಗಂಟೆ, ಪ್ರಸಂಗ ಅರ್ಧಕ್ಕೆ ಬಂದಿದೆ. ಒಂದೆರಡು ಪದ್ಯ ಸಪ್ಪೆಯಾಯಿತು, ಒಂದು ವೇಷ ರಂಗಕ್ಕೆ ತಡವಾಗಿ ಬಂತು, ಹಿಂದಿನ ಸಾಲಿನ ಜನ ಚಾಪೆ ಮಡಚತೊಡಗಿದರು. ಆಗ ಮೇಳದ ಯಜಮಾನರು ನೇರ ರಂಗಸ್ಥಳಕ್ಕೆ ಬಂದು ಭಾಗವತರ ಕೈಯ ಜಾಗಟೆ ತೆಗೆದುಕೊಂಡು, 'ನೀವು ಏಳಿ, ಬೇರೆ ಮೇಳದವರನ್ನು ಕರೆಸಿದ್ದೇನೆ' ಅಂದರೆ ನಿಮಗೆ ಹೇಗಾಗುತ್ತದೆ? ಇದಕ್ಕೆ ಹತ್ತಿರದ್ದು ನಮ್ಮ ಕರಾವಳಿಯಲ್ಲಿ ನಡೆದಾಗ ಎಷ್ಟು ಮನಸ್ಸುಗಳು ನೊಂದವು ಎಂಬುದು ನಿಮಗೆ ನೆನಪಿದೆ. ಹೆಸರು ಬೇಡ. ಭಾಗವತರೇ ಮೊದಲ ವೇಷ ಎನ್ನುವವರು ನಾವು. ಚೆಂಡೆಯ ಕಾಲ, ಕುಣಿತದ ಅಳತೆ, ಯಾವ ಮಾತು ಎಲ್ಲಿಗೆ ನಿಲ್ಲಬೇಕು ಎಂಬುದೆಲ್ಲ ಅವರ ಕೈಯಲ್ಲಿರುತ್ತದೆ. ಕಲಾವಿದರು ಮೇಳ ಬದಲಿಸುವುದುಂಟು, ಯಜಮಾನರು ಕಲಾವಿದರನ್ನು ಬದಲಿಸುವುದೂ ಉಂಟು. ಆದರೆ ಅದಕ್ಕೊಂದು ಕಾಲವಿದೆ. ತಿರುಗಾಟ ಮುಗಿಯಬೇಕು, ತಿರುಗಾಟದ ಕೊನೆಯ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚಬೇಕು, ಆಮೇಲೆ ಮಾತುಕತೆ.

ಫುಟ್‌ಬಾಲ್‌ನಲ್ಲಿ ಆ ಕಾಲ ಎಂಬುದೇ ಇಲ್ಲ. ಕೋಚ್‌ಗೆ ಯಾವ ದಿನ ಬೇಕಾದರೂ ಗೇಟ್‌ಪಾಸ್. 2016ರಲ್ಲಿ ಲೆಸ್ಟರ್ ಸಿಟಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದಿತು. ಸೀಸನ್‌ನ ಮೊದಲಲ್ಲಿ ಬಾಜಿ ಕಟ್ಟಿಸಿಕೊಳ್ಳುವವರು ಆ ತಂಡ ಗೆದ್ದರೆ ಒಂದಕ್ಕೆ ಐದು ಸಾವಿರ ಕೊಡುತ್ತೇವೆ ಎಂದಿದ್ದರು. ಅಂಥ ತಂಡವನ್ನು ಗೆಲ್ಲಿಸಿದ ಕ್ಲಾಡಿಯೊ ರಾನಿಯೇರಿಯನ್ನು ಒಂಬತ್ತು ತಿಂಗಳಿಗೆ, 2017ರ ಫೆಬ್ರುವರಿಯಲ್ಲಿ, ಮನೆಗೆ ಕಳಿಸಿದರು. ಚೆಲ್ಸಿಗೆ ಮೊದಲ ಚಾಂಪಿಯನ್ಸ್ ಲೀಗ್ ತಂದುಕೊಟ್ಟ ರಾಬರ್ಟೊ ಡಿ ಮ್ಯಾಟಿಯೊ 2012ರ ಮೇ ತಿಂಗಳಲ್ಲಿ ಕಪ್ ಎತ್ತಿದರು, ನವೆಂಬರ್‌ನಲ್ಲಿ ಕೆಲಸ ಕಳೆದುಕೊಂಡರು. ಆಂಜ್ ಪೋಸ್ಟೆಕೊಗ್ಲು 2025ರ ಮೇ ತಿಂಗಳಲ್ಲಿ ಟಾಟೆನ್‌ಹ್ಯಾಮ್‌ಗೆ 17 ವರ್ಷಗಳ ಬಳಿಕ ಒಂದು ಕಪ್ ಕೊಡಿಸಿದರು. ಹದಿನಾರು ದಿನ ಬಿಟ್ಟು ಅವರನ್ನು ತೆಗೆದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಅವರನ್ನು ಕರೆಯಿತು, 39ನೇ ದಿನಕ್ಕೆ ಬೀಳ್ಕೊಟ್ಟಿತು. ನಾಟಿ ಮಾಡಿದ ಭತ್ತ ಕೊಯ್ಲಿಗೆ ಬರುವುದಕ್ಕೂ ಅದಕ್ಕಿಂತ ಸಾವಧಾನ ಬೇಕು.

ಹೀಗೆ ಕೋಚ್‌ಗಳನ್ನು ತೆಗೆಯುವ ಕ್ಲಬ್‌ಗಳಿಗೆ ದಂಡ ಹಾಕಬೇಕೆ ಎಂಬುದು ಇಂದಿನ ಪ್ರಶ್ನೆ. ಹಾಕಬೇಕು ಎಂದೇ ನನ್ನ ಮಾತು. ಆದರೆ ಆ ದಂಡ ದುಡ್ಡಿನದಾಗಬಾರದು, ಪಾಯಿಂಟ್ ಕಡಿತವೂ ಆಗಬಾರದು. ಅದು ಯಾಕೆ ಎಂದು ಹೇಳುವ ಮೊದಲು ನನ್ನದೇ ಒಂದು ಅನುಭವ ಹೇಳಬೇಕು.

ನಾನು ಈ ಊರಿಗೆ ಬಂದಾಗ ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಆಮೇಲೆ ಒಂದು ಕಂಪನಿಯಲ್ಲಿ ಗುಮಾಸ್ತನಾದೆ. ಕಂಪನಿಗೊಂದು ಫುಟ್‌ಬಾಲ್ ತಂಡವಿತ್ತು, ಹಾರ್ವುಡ್ ಲೀಗಿನ ಕೆಳಗಿನ ಡಿವಿಜನ್‌ನಲ್ಲಿ ಆಡುತ್ತಿದ್ದೆವು. ಗೋವಾದಿಂದ ಬಂದ ಹಿರಿಯರೊಬ್ಬರು ನಮಗೆ ಕೋಚ್. ಎಲ್ಲರೂ ಮಾಸ್ತರ್ ಎಂದೇ ಕರೆಯುತ್ತಿದ್ದೆವು. ಬೆಳಿಗ್ಗೆ ಐದೂವರೆಗೆ ಮೈದಾನದಲ್ಲಿರುತ್ತಿದ್ದರು. ಬೂಟಿಲ್ಲದ ಹುಡುಗನಿಗೆ ಬೂಟು ಹೊಂದಿಸಿ ಕೊಡುತ್ತಿದ್ದರು. ಒಂದು ವರ್ಷ ಸಾಲಾಗಿ ನಾಲ್ಕು ಪಂದ್ಯ ಸೋತೆವು. ಸೋಲಿನ ಕಾರಣ ತಂಡದಲ್ಲಿ ಎಲ್ಲರಿಗೂ ಗೊತ್ತಿತ್ತು: ಮೂವರು ಮುಖ್ಯ ಆಟಗಾರರನ್ನು ರಾತ್ರಿ ಪಾಳಿಗೆ ಹಾಕಿದ್ದರು. ನಿದ್ದೆಯಿಲ್ಲದ ಕಾಲು ಓಡುವುದಿಲ್ಲ. ಪಾಳಿ ಹಾಕಿದ ಅಧಿಕಾರಿಯೇ ಕ್ರೀಡಾ ಸಮಿತಿಯಲ್ಲೂ ಇದ್ದರು. ಸಮಿತಿ ಕೂತಿತು, ಮಾಸ್ತರರನ್ನು ತೆಗೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಹೊಸಬರು ಬಂದರು, ಎರಡು ಪಂದ್ಯ ಗೆದ್ದೆವು. ಸಮಿತಿಯವರಿಗೆ ಬಲು ಸಂತೋಷ. ಆದರೆ ಆ ಎರಡು ಪಂದ್ಯದ ಹೊತ್ತಿಗೆ ಮೂವರ ರಾತ್ರಿ ಪಾಳಿ ಮುಗಿದಿತ್ತು. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮಾಸ್ತರರು ಆಮೇಲೂ ಪಂದ್ಯ ನೋಡಲು ಬರುತ್ತಿದ್ದರು, ಹಗ್ಗದ ಆಚೆ ನಿಂತು. ಅರ್ಧ ವಿರಾಮದಲ್ಲಿ ನಮ್ಮ ಹತ್ತಿರ ಬರುತ್ತಿರಲಿಲ್ಲ. ನಲವತ್ತು ವರ್ಷ ದಾಟಿದರೂ ಹಗ್ಗದ ಆಚೆಯ ಆ ನಿಲುವು ನನ್ನ ಕಣ್ಣಿನಿಂದ ಹೋಗಿಲ್ಲ.

ಆ ಎರಡು ಪಂದ್ಯದಲ್ಲಿ ಆದದ್ದೇ ಈ ವಿಷಯದ ತಿರುಳು. ಕ್ಲಬ್‌ಗಳು ಕೋಚ್‌ನನ್ನು ಯಾವಾಗ ತೆಗೆಯುತ್ತವೆ? ತೀರಾ ಕೆಟ್ಟ ಹೊತ್ತಿನಲ್ಲಿ. ತೀರಾ ಕೆಟ್ಟ ಹೊತ್ತಿನ ನಂತರ ಬರುವುದು ಸಾಮಾನ್ಯವಾಗಿ ಸ್ವಲ್ಪ ಒಳ್ಳೆಯ ಹೊತ್ತೇ. ಗಾಯಗೊಂಡವರು ವಾಸಿಯಾಗಿ ಬರುತ್ತಾರೆ, ಬಲಿಷ್ಠ ತಂಡಗಳ ಜೊತೆಗಿನ ಪಂದ್ಯಗಳು ಮುಗಿದಿರುತ್ತವೆ, ಕಂಬಕ್ಕೆ ಬಡಿದು ಆಚೆ ಹೋಗುತ್ತಿದ್ದ ಚೆಂಡು ಒಳಗೆ ಬೀಳುತ್ತದೆ. ನೆಗಡಿ ಔಷಧ ತೆಗೆದುಕೊಂಡರೆ ಏಳು ದಿನ, ಇಲ್ಲದಿದ್ದರೆ ಒಂದು ವಾರ ಎಂದು ನಮ್ಮ ಮನೆಗಳಲ್ಲಿ ಹೇಳುವುದಿಲ್ಲವೆ? ನೆದರ್‌ಲ್ಯಾಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ಇದನ್ನು ಲೆಕ್ಕ ಹಾಕಿಯೇ ತೋರಿಸಿದರು. 1986ರಿಂದ 2004ರವರೆಗಿನ ಡಚ್ ಲೀಗಿನ ಫಲಿತಾಂಶಗಳನ್ನು ಹರವಿಕೊಂಡು, ಕೆಟ್ಟ ದಿನಗಳಲ್ಲಿ ಕೋಚ್‌ನನ್ನು ತೆಗೆದ ಕ್ಲಬ್‌ಗಳನ್ನೂ ಅಷ್ಟೇ ಕೆಟ್ಟ ದಿನಗಳಲ್ಲಿ ಕೋಚ್‌ನನ್ನು ಉಳಿಸಿಕೊಂಡ ಕ್ಲಬ್‌ಗಳನ್ನೂ ಅಕ್ಕಪಕ್ಕ ಇಟ್ಟರು. ಎರಡೂ ಬಗೆಯ ತಂಡಗಳು ಚೇತರಿಸಿಕೊಂಡಿದ್ದವು. ತೆಗೆದವರಿಗೆ ಅದರಿಂದ ಹೆಚ್ಚಿನದೇನೂ ಸಿಕ್ಕಿರಲಿಲ್ಲ.

ನಮ್ಮ ಊರಿನ ಉದಾಹರಣೆಗೇ ಬರೋಣ. ಮುಂಬೈ ಎಫ್‌ಸಿ ಎಂಬ ಕ್ಲಬ್ ಇತ್ತು, ಈಗಿನ ಮುಂಬೈ ಸಿಟಿ ಅಲ್ಲ. ಕೂಪರೇಜ್ ಮೈದಾನದಲ್ಲಿ ಆಡುತ್ತಿತ್ತು. ಕೂಪರೇಜ್ ಎಂದಾಗ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇದೇ ಮುಂಬಯಿಯಲ್ಲಿ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತು. ಬ್ರಿಟಿಷ್ ಪಲ್ಟನ್ನುಗಳೇ ಒಯ್ಯುತ್ತಿದ್ದ ಕಪ್ ಅದು. ಮರುವರ್ಷವೂ ಅವರೇ ಗೆದ್ದರು. ನಮ್ಮ ಮಕ್ಕಳಿಗೆ ಇದನ್ನು ಹೇಳಿ.

ಮುಂಬೈ ಎಫ್‌ಸಿಗೆ 2009ರಿಂದ ಏಳು ವರ್ಷ ಖಾಲಿದ್ ಜಮೀಲ್ ಕೋಚ್. ದೊಡ್ಡ ಹಣವಿಲ್ಲ, ದೊಡ್ಡ ಹೆಸರಿನ ಆಟಗಾರರಿಲ್ಲ, ಒಂದು ಕಪ್ಪೂ ಬರಲಿಲ್ಲ. ಆದರೆ ಏಳೂ ವರ್ಷ ತಂಡ ಆಗ ದೇಶದ ಮೊದಲ ದರ್ಜೆಯ ಲೀಗ್ ಆಗಿದ್ದ ಐ ಲೀಗಿನಲ್ಲಿ ಉಳಿಯಿತು. ಆಟ ಚಂದವಿಲ್ಲ, ಬರೀ ತಡೆಯುವುದೇ ಆಯಿತು ಎಂದು ಗೊಣಗಿದವರಲ್ಲಿ ನಾನೂ ಇದ್ದೆ. 2016ರಲ್ಲಿ ಕ್ಲಬ್ಬಿಗೂ ಅವರಿಗೂ ದಾರಿ ಬೇರೆಯಾಯಿತು. ಮುಂದಿನ ಸೀಸನ್‌ನಲ್ಲಿ ಮುಂಬೈ ಎಫ್‌ಸಿ ನಡುದಾರಿಯಲ್ಲಿ ಮತ್ತೊಮ್ಮೆ ಕೋಚ್ ಬದಲಿಸಿತು, ಕೊನೆಯ ಸ್ಥಾನಕ್ಕೆ ಬಿದ್ದು ಲೀಗಿನಿಂದ ಹೊರಹೋಯಿತು. ಮತ್ತೆ ದೊಡ್ಡ ಲೀಗಿಗೆ ಬರಲೇ ಇಲ್ಲ. ಅದೇ 2016–17ರಲ್ಲಿ ಐ ಲೀಗ್ ಗೆದ್ದದ್ದು ಮಿಜೋರಾಮಿನ ಐಜ್ವಾಲ್ ಎಫ್‌ಸಿ. ಅದರ ಕೋಚ್ ಖಾಲಿದ್ ಜಮೀಲ್. 2025ರ ಆಗಸ್ಟ್‌ನಲ್ಲಿ ಭಾರತ ತಂಡಕ್ಕೂ ಅವರೇ ಕೋಚ್ ಆದರು. ಏಳು ವರ್ಷ ಒಬ್ಬ ಮನುಷ್ಯ ಏನನ್ನು ಹಿಡಿದು ನಿಲ್ಲಿಸಿದ್ದ ಎಂಬುದು ಅವನು ಹೋದ ಮೇಲೆ ಗೊತ್ತಾಯಿತು.

ಮುಂದಿನ ಸಾಲಿನಲ್ಲಿ ಒಬ್ಬರು ತಲೆ ಅಲ್ಲಾಡಿಸುತ್ತಿದ್ದೀರಿ. 'ಗೋವಾದ ಕಥೆ ಹೇಳಿ' ಎನ್ನುತ್ತಿದ್ದೀರಿ, ಅಲ್ಲವೆ? ಹೇಳಲೇಬೇಕು, ಅದು ನನ್ನ ವಾದಕ್ಕೆ ಅಡ್ಡ ಬರುವ ಕಥೆ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಆಡುವ ಎಫ್‌ಸಿ ಗೋವಾಕ್ಕೆ 2017ರಿಂದ ಸೆರ್ಜಿಯೊ ಲೊಬೆರಾ ಕೋಚ್. ಗೋವಾದ ಫತೋರ್ಡಾ ಮೈದಾನದಲ್ಲಿ ಆ ತಂಡದ ಆಟ ನೋಡಿದವರಿಗೆ ಗೊತ್ತು, ಚೆಂಡು ಕಾಲಿನಿಂದ ಕಾಲಿಗೆ ನೀರಿನಂತೆ ಹರಿಯುತ್ತಿತ್ತು. 2020ರ ಜನವರಿ ಕೊನೆಗೆ, ಲೀಗಿನಲ್ಲಿ ಮೂರೇ ಪಂದ್ಯ ಉಳಿದಿರುವಾಗ, ತಂಡ ಪಟ್ಟಿಯ ಮೇಲ್ತುದಿಯಲ್ಲಿರುವಾಗ ಅವರನ್ನು ತೆಗೆದರು. ಒಳಗಿನವರೇ ಆದ ಕ್ಲಿಫರ್ಡ್ ಮಿರಾಂಡಾ ಹೊಣೆ ಹೊತ್ತರು. ತಂಡ ಮೂರಕ್ಕೆ ಮೂರೂ ಗೆದ್ದು, ಕೊನೆಯ ಪಂದ್ಯದಲ್ಲಿ ಜಮ್‌ಶೆಡ್‌ಪುರಕ್ಕೆ ಐದು ಗೋಲು ಹೊಡೆದು, ಪಟ್ಟಿಯ ಮೊದಲ ಸ್ಥಾನಕ್ಕೆ ಸಿಗುವ ಲೀಗ್ ಶೀಲ್ಡ್ ಎತ್ತಿತು. ಏಷ್ಯಾದ ಚಾಂಪಿಯನ್ಸ್ ಲೀಗಿನ ಗುಂಪು ಹಂತಕ್ಕೆ ಹೋದ ಮೊದಲ ಭಾರತೀಯ ಕ್ಲಬ್ ಆಯಿತು. ತೆಗೆದದ್ದು ಸರಿಯಾಯಿತು ಎನ್ನುವವರು ಇದನ್ನೇ ತೋರಿಸುತ್ತಾರೆ.

ಆದರೆ ಮುಂದಿನ ವರ್ಷ ಲೊಬೆರಾ ನಮ್ಮ ಮುಂಬೈ ಸಿಟಿಗೆ ಬಂದರು. ಅವರ ಹಿಂದೆ ಗೋವಾದ ಮುಖ್ಯ ಆಟಗಾರರು ಬಂದರು: ಜಾಹು, ಫಾಲ್, ಬುಮೂಸ್, ಜೊತೆಗೆ ಗೋವಾದವರೇ ಆದ ಮಂದಾರ್ ರಾವ್ ದೇಸಾಯಿ. 2020–21ರ ಸೆಮಿಫೈನಲ್‌ನಲ್ಲಿ ಮುಂಬೈ ಪೆನಾಲ್ಟಿಗಳಲ್ಲಿ ಗೋವಾವನ್ನೇ ಸೋಲಿಸಿತು, ಫತೋರ್ಡಾದಲ್ಲೇ ನಡೆದ ಫೈನಲ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ಗೆದ್ದಿತು. ಶೀಲ್ಡ್ ಮತ್ತು ಕಪ್ ಎರಡೂ ಒಂದೇ ವರ್ಷ. ಮುಂಬಯಿಯವನಾಗಿ ನಾನು ಕುಣಿದೆ. ಆದರೆ ಒಬ್ಬನನ್ನು ತೆಗೆದರೆ ಒಬ್ಬನೇ ಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಗೋವಾ ಕಥೆಯಲ್ಲಿ ಇನ್ನೊಂದು ಎಳೆಯಿದೆ, ಅದನ್ನು ಕೊನೆಯಲ್ಲಿ ಎತ್ತಿಕೊಳ್ಳುತ್ತೇನೆ. ಹೊಣೆ ಹೊತ್ತದ್ದು ಒಳಗಿನವರು ಎಂಬುದನ್ನು ನೆನಪಿಟ್ಟುಕೊಳ್ಳಿ.

ಕೋಚ್‌ನನ್ನೇ ಯಾಕೆ ತೆಗೆಯುತ್ತಾರೆ? ಎಲ್ಲ ಸೋಲೂ ಅವನ ತಪ್ಪಲ್ಲ ಎಂದು ಮಾಲೀಕರಿಗೂ ಗೊತ್ತು. ಆದರೆ ಇಪ್ಪತ್ತೈದು ಆಟಗಾರರನ್ನು ತೆಗೆಯಲಾಗುವುದಿಲ್ಲ. ಅವರನ್ನು ಕೊಳ್ಳುವುದಕ್ಕೂ ಮಾರುವುದಕ್ಕೂ ವರ್ಷಕ್ಕೆ ಎರಡೇ ಸಲ ವಿಂಡೋ ತೆರೆಯುತ್ತದೆ. ಮಾಲೀಕ ತನ್ನನ್ನು ತಾನೇ ತೆಗೆದುಕೊಳ್ಳುವುದಿಲ್ಲ. ಮನೆಯ ಎಲ್ಲ ಬಾಗಿಲಿಗೂ ಬೀಗ, ಒಂದಕ್ಕೆ ಮಾತ್ರ ಇಲ್ಲ. ಸಿಟ್ಟು ಬಂದವರು ಆ ಬಾಗಿಲನ್ನೇ ಒದೆಯುತ್ತಾರೆ. ಇಟಲಿಯಲ್ಲಿ ಬಹುಕಾಲ ಇದ್ದ ನಿಯಮ ಇನ್ನೂ ವಿಚಿತ್ರ: ಒಂದು ಕ್ಲಬ್ಬಿನಿಂದ ತೆಗೆದುಹಾಕಿಸಿಕೊಂಡ ಕೋಚ್ ಅದೇ ಸೀಸನ್‌ನಲ್ಲಿ ಇನ್ನೊಂದು ಇಟಾಲಿಯನ್ ಕ್ಲಬ್ ಸೇರುವಂತಿರಲಿಲ್ಲ. ತೆಗೆದ ಕ್ಲಬ್ ಮಾತ್ರ ಮರುದಿನವೇ ಹೊಸಬನನ್ನು ತರಬಹುದಿತ್ತು. ಪಲೆರ್ಮೊದ ಮಾಲೀಕ ಜಂಪರೀನಿಗೆ ಅಲ್ಲಿನವರು ಕೋಚ್‌ಗಳನ್ನು ತಿನ್ನುವವನು ಎಂದೇ ಹೆಸರಿಟ್ಟಿದ್ದರು. ಅವರು ತೆಗೆದವರಲ್ಲಿ ಕೆಲವರನ್ನು ಮತ್ತೆ ಕರೆಸಿ, ಮತ್ತೆ ತೆಗೆದದ್ದೂ ಉಂಟು.

ಈಗ ದಂಡದ ಮಾತು. ದುಡ್ಡಿನ ದಂಡ ಹಾಕಿ ಎನ್ನುತ್ತಾರೆ. ಯೋಚಿಸಿ, ದುಡ್ಡನ್ನು ಅವರು ಈಗಾಗಲೇ ಕೊಡುತ್ತಿದ್ದಾರೆ. ಅಬ್ರಮೊವಿಚ್ ಮಾಲೀಕರಾಗಿದ್ದ ಕಾಲದ ಚೆಲ್ಸಿ ತೆಗೆದುಹಾಕಿದ ಕೋಚ್‌ಗಳಿಗೆ ಕೊಟ್ಟ ಪರಿಹಾರ ಹತ್ತು ಕೋಟಿ ಪೌಂಡ್ ದಾಟುತ್ತದೆ. ಅದರಿಂದ ಚೆಲ್ಸಿಯ ಕೈ ತಡೆಯಲಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ 2024ರ ಜುಲೈನಲ್ಲಿ ಎರಿಕ್ ಟೆನ್ ಹಾಗ್ ಅವರ ಕರಾರನ್ನು ಮುಂದುವರಿಸಿತು, ಅಕ್ಟೋಬರ್‌ನಲ್ಲಿ ಅವರನ್ನು ತೆಗೆಯಿತು. ಅವರಿಗೂ ಅವರ ಜೊತೆಗಾರರಿಗೂ ಕೊಡಬೇಕಾಗಿ ಬಂದದ್ದು ಒಂದು ಕೋಟಿ ನಾಲ್ಕು ಲಕ್ಷ ಪೌಂಡ್.

ಇದೇ ಕ್ಲಬ್ ಅದೇ ವರ್ಷ ಸುಮಾರು 250 ನೌಕರರನ್ನು ಮನೆಗೆ ಕಳಿಸಿತು. 2025ರ ಫೆಬ್ರುವರಿಯಲ್ಲಿ ಇನ್ನೂ 150ರಿಂದ 200 ಜನರನ್ನು ಕಳಿಸುತ್ತೇವೆ ಎಂದಿತು. ಓಲ್ಡ್ ಟ್ರಾಫರ್ಡ್‌ನ ನೌಕರರ ಕ್ಯಾಂಟೀನ್ ಮುಚ್ಚಿ, ಪುಕ್ಕಟೆ ಊಟದ ಬದಲು ಹಣ್ಣು ಕೊಡುತ್ತೇವೆ ಎಂದಿತು. ಈ ಸಭೆಯಲ್ಲಿ ಹೋಟೆಲಿನವರಿದ್ದೀರಿ. ಕ್ಯಾಂಟೀನ್ ಮುಚ್ಚುವುದು ಎಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. 1982ರ ಗಿರಣಿ ಮುಷ್ಕರದ ದಿನಗಳಲ್ಲಿ ಪರೇಲ್, ಲಾಲ್‌ಬಾಗ್‌ಗಳಲ್ಲಿ ಇದ್ದವರೂ ಇದ್ದೀರಿ. ಮೇಲಿನವರ ಲೆಕ್ಕ ತಪ್ಪಿದಾಗ ಖರ್ಚು ಯಾರ ತಟ್ಟೆಯಿಂದ ಹೋಗುತ್ತದೆ ಎಂಬುದನ್ನು ಈ ಊರು ಚೆನ್ನಾಗಿ ನೋಡಿದೆ. ಕ್ಲಬ್ಬಿಗೆ ಒಂದು ಕೋಟಿ ದಂಡ ಹಾಕಿದರೆ ಅದು ಮಾಲೀಕನ ಜೇಬಿಗೆ ತಾಗುವುದಿಲ್ಲ. ಹುಲ್ಲು ಕತ್ತರಿಸುವವನಿಗೆ, ಟಿಕೆಟ್ ಹರಿಯುವವನಿಗೆ, ಹುಡುಗರ ತಂಡದ ಕೋಚ್‌ಗೆ ತಾಗುತ್ತದೆ. ಆದ್ದರಿಂದ ದುಡ್ಡಿನ ದಂಡಕ್ಕೆ ನಾನು ಪೂರ್ತಿ ವಿರೋಧಿ.

ಪಾಯಿಂಟ್ ಕಡಿತವೂ ಬೇಡ. ಲೆಕ್ಕಪತ್ರದ ನಿಯಮ ಮೀರಿದ್ದಕ್ಕೆ ಇಂಗ್ಲೆಂಡಿನ ಎವರ್ಟನ್ ಕ್ಲಬ್ಬಿಗೆ 2023ರಲ್ಲಿ 10 ಪಾಯಿಂಟ್ ಕಡಿದರು, ಮೇಲ್ಮನವಿಯ ನಂತರ ಅದು ಆರಕ್ಕೆ ಇಳಿಯಿತು. ಖರ್ಚು ಮಾಡಿದವರು ಕಚೇರಿಯವರು. ಅದನ್ನು ತುಂಬಲು ಓಡಿದವರು ಆಟಗಾರರು, ಅತ್ತವರು ಅಭಿಮಾನಿಗಳು.

ಹಾಗಾದರೆ ಉಳಿದದ್ದು ಏನು? ಬ್ರೆಜಿಲ್ ಒಂದು ದಾರಿ ತೋರಿಸಿತು. ಅಲ್ಲಿ ಕೋಚ್ ಬದಲಾವಣೆ ಒಂದು ರೋಗವೇ ಆಗಿತ್ತು. 2021ರಲ್ಲಿ ಅಲ್ಲಿನ ಫುಟ್‌ಬಾಲ್ ಒಕ್ಕೂಟವೂ ಕ್ಲಬ್‌ಗಳೂ ಸೇರಿ ಮೊದಲ ಡಿವಿಜನ್‌ಗೆ ಒಂದು ನಿಯಮ ಮಾಡಿದರು. ಒಂದು ಸೀಸನ್‌ಗೆ ಒಬ್ಬ ಕೋಚ್‌ನನ್ನು ಮಾತ್ರ ವಜಾ ಮಾಡಬಹುದು. ಎರಡನೆಯವನನ್ನೂ ತೆಗೆದರೆ ಹೊರಗಿನವರನ್ನು ತರುವಂತಿಲ್ಲ, ಕನಿಷ್ಠ ಆರು ತಿಂಗಳಿನಿಂದ ಕ್ಲಬ್ಬಿನಲ್ಲೇ ಇರುವವರಿಗೆ ಹೊಣೆ ಕೊಡಬೇಕು. ಕೋಚ್ ಕೂಡ ಒಂದು ಸಲ ಮಾತ್ರ ತಾನಾಗಿ ಬಿಟ್ಟು ಹೋಗಬಹುದು. ಎರಡೂ ಕಡೆಗೆ ಕಟ್ಟು. ಓದಿದಾಗ ನನಗೆ ಬಹಳ ಸಂತೋಷವಾಯಿತು, ಇದು ನಮ್ಮ ಮೇಳದ ತಿರುಗಾಟದ ನ್ಯಾಯವೇ ಅನ್ನಿಸಿತು.

ಒಂದೇ ವರ್ಷ ನಡೆಯಿತು. 2022ಕ್ಕೆ ನಿಯಮ ಬಿದ್ದುಹೋಯಿತು. ಕಾರಣ ಒಂದು ಸಣ್ಣ ಸಂದು. ವಜಾ ಎಂದರೆ ಲೆಕ್ಕಕ್ಕೆ ಬರುತ್ತಿತ್ತು, 'ಪರಸ್ಪರ ಒಪ್ಪಿಗೆಯಿಂದ' ಎಂದರೆ ಬರುತ್ತಿರಲಿಲ್ಲ. ಆಮೇಲೆ ಕ್ಲಬ್‌ಗಳೆಲ್ಲ ಆ ಪದವನ್ನೇ ಹಿಡಿದವು. ನಮ್ಮಲ್ಲೂ ಈ ಪದ ಧಾರಾಳವಾಗಿದೆ. ಬೆಂಗಳೂರು ಎಫ್‌ಸಿಗೆ 2019ರಲ್ಲಿ ಐಎಸ್‌ಎಲ್ ಗೆಲ್ಲಿಸಿದ ಕಾರ್ಲೆಸ್ ಕ್ವಾಡ್ರಾಟ್ 2021ರ ಜನವರಿಯಲ್ಲಿ, ಸೀಸನ್ ನಡುವೆ ಹೋದಾಗಲೂ ಹೊರಬಂದ ಪ್ರಕಟಣೆಯಲ್ಲಿ ಪರಸ್ಪರ ಒಪ್ಪಿಗೆಯ ಮಾತೇ ಇತ್ತು. ಅಲ್ಲಿ ನಿಜವಾಗಿ ಒಪ್ಪಿಗೆ ಇದ್ದಿರಬಹುದು. ನಾನು ಹೇಳುವುದು ಇಷ್ಟೆ: ಹೊರಗಿನಿಂದ ನೋಡುವವನಿಗೆ ಎರಡನ್ನೂ ಬೇರೆ ಮಾಡುವುದು ಸಾಧ್ಯವಿಲ್ಲ. ಆದ್ದರಿಂದ ನಿಯಮ ಪದವನ್ನು ನೋಡಬಾರದು, ಖಾಲಿಯಾದ ಕುರ್ಚಿಯನ್ನು ನೋಡಬೇಕು.

ನನಗೆ ಬೇಕಾದ ದಂಡ ಕಾಲದ ದಂಡ. ಆಟಗಾರರಿಗೆ ವಿಂಡೋ ಇರುವಂತೆ ಕೋಚ್‌ಗೂ ಇರಲಿ. ಸೀಸನ್ ನಡುವೆ ಕುರ್ಚಿ ಖಾಲಿಯಾದರೆ, ಕಾರಣ ಏನೇ ಇರಲಿ, ಮುಂದಿನ ವಿಂಡೋ ತೆರೆಯುವವರೆಗೆ ಹೊರಗಿನವರನ್ನು ನೋಂದಾಯಿಸುವಂತಿಲ್ಲ. ಒಳಗಿನವರೇ ನಡೆಸಬೇಕು. ಗೋವಾದಲ್ಲಿ ಕ್ಲಿಫರ್ಡ್ ಮಿರಾಂಡಾ ನಡೆಸಲಿಲ್ಲವೆ? ಹೀಗಾದರೆ ಪ್ರತಿ ಕ್ಲಬ್ ಒಬ್ಬ ಒಳ್ಳೆಯ ಸಹಾಯಕ ಕೋಚ್‌ನನ್ನು ಬೆಳೆಸಲೇಬೇಕಾಗುತ್ತದೆ. ನಮ್ಮ ದೇಶದಲ್ಲಿ ಆ ಸಹಾಯಕ ಹೆಚ್ಚಾಗಿ ನಮ್ಮವನೇ ಆಗಿರುತ್ತಾನೆ. ಒಂದು ಕ್ಲಬ್ ಒಬ್ಬರನ್ನೇ ನಂಬಿ ನಿಂತರೆ ಏನಾಗುತ್ತದೆ ಎಂಬುದಕ್ಕೆ ಗೋವಾದ ದೆಂಪೊ ಕ್ಲಬ್ ಸಾಕ್ಷಿ. ಕೋಚ್ ಅರ್ಮಾಂಡೊ ಕೊಲಾಸೊ ಅವರಿಗೆ ಕ್ಲಬ್ಬಿನವರು ದಶಕಕ್ಕೂ ಹೆಚ್ಚು ಕಾಲ ಕೊಟ್ಟರು, ಐದು ಸಲ ರಾಷ್ಟ್ರೀಯ ಲೀಗ್ ಪಡೆದರು.

ಕೋಚ್ ನಡುವೆ ಬಿಟ್ಟುಹೋದರೆ ಎಂದು ಕೇಳುತ್ತೀರಿ. ಸರಿ, 2021ರ ಡಿಸೆಂಬರ್‌ನಲ್ಲಿ ಹುವಾನ್ ಫೆರಾಂಡೊ ಗೋವಾವನ್ನು ಬಿಟ್ಟು ಮೋಹನ್ ಬಾಗಾನ್‌ಗೆ ಹೋದರು. 2023ರ ನವೆಂಬರ್‌ನಲ್ಲಿ ಡೆಸ್ ಬಕಿಂಗ್‌ಹ್ಯಾಮ್ ನಮ್ಮ ಮುಂಬೈ ಸಿಟಿಯನ್ನು ಬಿಟ್ಟು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಗೆ ಹೋದರು. ಅದೂ ನೋವೇ. ವಿಂಡೋ ಇದ್ದರೆ ಕರೆಯುವ ಕ್ಲಬ್ಬಿಗೂ ಅದೇ ಬೀಗ ಬೀಳುತ್ತದೆ, ಒಂದೇ ಲೀಗಿನೊಳಗಿನ ಸೆಳೆದಾಟವಾದರೂ ನಿಲ್ಲುತ್ತದೆ. ಹುಡುಗರನ್ನು ಹೊಡೆಯುವ, ಹಿಂಸಿಸುವ ಕೋಚ್ ಇದ್ದರೆ? ಅವನನ್ನು ಅಂದೇ ತೆಗೆಯಲಿ. ಒಳಗಿನವರು ಇದ್ದೇ ಇದ್ದಾರೆ. ಈ ನಿಯಮ ತೆಗೆಯುವುದನ್ನು ತಡೆಯುವುದಿಲ್ಲ, ತೆಗೆದ ಮರುದಿನ ಹೊಸ ಹೆಸರಿನ ಹಿಂದೆ ಅಡಗಿಕೊಳ್ಳುವುದನ್ನು ತಡೆಯುತ್ತದೆ.

ಇನ್ನೊಂದು ವಿಷಯ, ನನಗೆ ಇದೇ ಹೆಚ್ಚು ಮುಖ್ಯ. ಫೀಫಾ 2021ರಿಂದ ಕೋಚ್‌ಗಳ ಕರಾರಿಗೆ ಪ್ರತ್ಯೇಕ ನಿಯಮ ಮಾಡಿದೆ. ಸಕಾರಣವಿಲ್ಲದೆ ತೆಗೆದರೆ ಉಳಿದ ಅವಧಿಯ ಸಂಬಳದ ಲೆಕ್ಕದಲ್ಲಿ ಪರಿಹಾರ ಕೊಡಬೇಕು. ಬಾಕಿ ಉಳಿಸಿಕೊಂಡರೆ ಹೊಸ ಆಟಗಾರರ ನೋಂದಣಿಗೇ ತಡೆ. ಒಳ್ಳೆಯದು. ಆದರೆ ಆ ಬಾಗಿಲು ತೆರೆಯುವುದು ಪರದೇಶದ ಕೋಚ್‌ಗಳಿಗೆ. 2024ರ ಜೂನ್‌ನಲ್ಲಿ ಭಾರತ ತಂಡದಿಂದ ತೆಗೆದ ಕ್ರೊಯೇಷಿಯಾದ ಕೋಚ್ ಇಗೊರ್ ಸ್ಟಿಮಾಚ್‌ಗೆ ನಮ್ಮ ಒಕ್ಕೂಟ ಕೊನೆಗೆ ನಾಲ್ಕು ಲಕ್ಷ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿತು. ಮಂಗಳೂರಿನ ಹುಡುಗನೊಬ್ಬ ಮುಂಬಯಿಯ ಕ್ಲಬ್ಬಿನಲ್ಲಿ ಗೋಲ್‌ಕೀಪರ್‌ಗಳ ಕೋಚ್ ಆಗಿದ್ದಾನೆ ಎಂದುಕೊಳ್ಳಿ. ಮುಖ್ಯ ಕೋಚ್ ಹೋದ ದಿನ ಅವನೂ ಹೋಗುತ್ತಾನೆ. ಅವನು ಜ್ಯೂರಿಚ್‌ನ ಫೀಫಾ ಕಚೇರಿಗೆ ಹೋಗಲಾರ. ಕಾರ್ಮಿಕ ಕಾಯ್ದೆಯ ಬಳಿ ಹೋದರೆ, ಕೋಚ್ ಕಾರ್ಮಿಕನೇ ಅಲ್ಲ ಎಂದು ಕ್ಲಬ್ಬಿನ ವಕೀಲರು ವಾದ ಹೂಡುತ್ತಾರೆ. ಅವನ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ. ಮನೆ ಬಾಡಿಗೆ ಮಾತ್ರ ತಿಂಗಳ ಮೊದಲನೇ ತಾರೀಕಿಗೇ ಬರುತ್ತದೆ.

ಇದನ್ನು ಇಂಗ್ಲೆಂಡಿನವರೋ ಫೀಫಾದವರೋ ಶುರು ಮಾಡಲಿ ಎಂದು ಕಾಯಬೇಕಿಲ್ಲ. ಊರಿನ ಲೀಗ್‌ಗಳಲ್ಲಿ ಪ್ರತಿ ವರ್ಷ ಕ್ಲಬ್‌ಗಳು ನೋಂದಣಿ ಅರ್ಜಿ ತುಂಬುತ್ತವೆ. ಆ ಅರ್ಜಿಯಲ್ಲಿ ಒಂದು ಕಲಮು ಸೇರಿಸಿದರೆ ಸಾಕು. ಒಂದು ತಿರುಗಾಟ ನಡೆಸಿ ನೋಡೋಣ. ಆ ಕಲಮನ್ನು ಬರೆದುಕೊಂಡು ಬಂದಿದ್ದೇನೆ, ಓದುತ್ತೇನೆ. ತಪ್ಪಿದ್ದರೆ ಇಲ್ಲಿರುವ ವಕೀಲರು ತಿದ್ದಿಕೊಡಿ.

'ಸೀಸನ್ ಶುರುವಾದ ಮೇಲೆ ಮುಖ್ಯ ಕೋಚ್ ಯಾವ ಕಾರಣದಿಂದಲೇ ಆಗಲಿ, ಯಾವ ಪದದಿಂದಲೇ ಆಗಲಿ, ಸ್ಥಾನ ಬಿಟ್ಟರೆ ಮುಂದಿನ ವಿಂಡೋವರೆಗೆ ಆ ಸ್ಥಾನಕ್ಕೆ ಕ್ಲಬ್ಬಿನಲ್ಲಿ ಆರು ತಿಂಗಳಾದರೂ ದುಡಿದವರನ್ನು ಮಾತ್ರ ನೇಮಿಸತಕ್ಕದ್ದು. ಬಿಟ್ಟುಹೋದ ಕೋಚ್‌ನ ಜೊತೆ ಕೆಲಸ ಕಳೆದುಕೊಂಡ ಪ್ರತಿ ಸಹಾಯಕನಿಗೂ ಕರಾರಿನ ಬಾಕಿ ಪೂರ್ತಿ ಸಂದಾಯವಾಗುವವರೆಗೆ ಹೊಸ ಮುಖ್ಯ ಕೋಚ್‌ನ ಹೆಸರನ್ನು ಲೀಗ್ ನೋಂದಾಯಿಸತಕ್ಕದ್ದಲ್ಲ.'